ಹಾಸುಬಂಡೆಯ ಮೇಲೆ ಹತ್ತೊಂಬತ್ತು ಸುತ್ತು

ದಾರಿ ತಪ್ಪುವುದೂ ಒಂದು ವಿದ್ಯೆ ಎಂದು ಯಾವುದಾದರೂ ವಿಶ್ವವಿದ್ಯಾಲಯ ಒಪ್ಪಿಕೊಂಡಿದ್ದರೆ ಬಾಣಸವಾಡಿಯ ವಿರೂಪಾಕ್ಷನಿಗೆ ಇಷ್ಟು ಹೊತ್ತಿಗೆ ಗೌರವ ಡಾಕ್ಟರೇಟ್ ಬಂದಿರುತ್ತಿತ್ತು. ಗದಗಿನಿಂದ ಬೆಂಗಳೂರಿಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಆದರೂ ಮನೆಯಿಂದ ಬೆನ್ಸನ್ ಟೌನಿನ ಆಫೀಸಿಗೆ ಬಸ್ಸು ಎಲ್ಲೆಲ್ಲಿ ತಿರುಗುತ್ತದೆ ಎಂಬುದು ಡ್ರೈವರನಿಗೆ ಮಾತ್ರ ಸಂಬಂಧಪಟ್ಟ ವಿಷಯ ಎಂದೇ ಅವನು ತಿಳಿದಿದ್ದ. ಹೆಂಡತಿಯ ತಮ್ಮನ ಮದುವೆಗೆಂದು ಹಲಸೂರಿನ ಛತ್ರ ಹುಡುಕಿಕೊಂಡು ಹೊರಟವನು ಇಂದಿರಾನಗರದ ಇನ್ನಾರದೋ ಮದುವೆಯಲ್ಲಿ ಅಕ್ಷತೆ ಹಾಕಿ, ಪಂಕ್ತಿಯಲ್ಲಿ ಕೂತು, ಎರಡನೇ ಸಲ ಪಾಯಸ ಬಡಿಸಿಕೊಳ್ಳುವಾಗ ಅಕ್ಕಪಕ್ಕದವರೆಲ್ಲ ತೆಲುಗು ಮಾತಾಡುತ್ತಿರುವುದು ಗಮನಕ್ಕೆ ಬಂದು ಎದ್ದಿದ್ದ. ಅಂದಿನಿಂದ ಹೆಂಡತಿ ಜಯದೇವಿಯ ಕಡೆಯವರು ಅವನನ್ನು ಊಟಕ್ಕೆ ಕರೆದರೆ, ಜೊತೆಗೆ ಕರೆತರಲು ಒಬ್ಬರನ್ನು ಕಳಿಸುತ್ತಾರೆ. ಯಾರನ್ನೂ ಕೇಳದೆ, ಒಂದೇ ಒಂದು ಸಲ, ಯಾವುದಾದರೂ ಒಂದು ಊರಿಗೆ ಹೋಗಿ ಮನೆಗೆ ಬರಬೇಕು ಎಂಬುದು ಅವನ ಜೀವನದ ದೊಡ್ಡ ಆಸೆಯಾಗಿತ್ತು. ಇದು ಎಷ್ಟು ದೊಡ್ಡ ಆಸೆ ಎಂದು ದಾರಿ ಗೊತ್ತಿರುವವರಿಗೆ ಅರ್ಥವಾಗುವುದಿಲ್ಲ.

ಅಂಥವನು ಮಿಲಿಟರಿಯವರು ಹರಾಜು ಹಾಕಿದ್ದ ಒಂದು ಹಳೆಯ ಜೀಪು ಕೊಂಡ. ಅದಕ್ಕೂ ಕಾರಣವಿತ್ತು. ದಾರಿ ಇರುವ ಕಡೆ ದಾರಿ ತಪ್ಪುತ್ತದೆ. ದಾರಿಯೇ ಇಲ್ಲದ ಕಡೆ ಓಡಿಸಿದರೆ ತಪ್ಪುವ ಪ್ರಶ್ನೆಯೇ ಬರುವುದಿಲ್ಲ. ಈ ತರ್ಕ ಕೇಳಿದ ಜಯದೇವಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವನ ಮುಖವನ್ನೊಮ್ಮೆ ನೋಡಿ, ಮತ್ತೆ ಬಡಿಯತೊಡಗಿದಳು.

ಹಲಸೂರು ಕೆರೆಯ ಬಳಿ ಭಾನುವಾರ ಬೆಳಿಗ್ಗೆ ಜೀಪಿನವರ ಒಂದು ಬಳಗ ಸೇರುತ್ತಿತ್ತು. ಕಲ್ಲು, ಕೆಸರು, ಕೆರೆಯಂಗಳ ಎಲ್ಲಿ ಸಿಕ್ಕರೂ ಜೀಪು ನುಗ್ಗಿಸುವುದು ಅವರ ವ್ರತ. ಅಧ್ಯಕ್ಷರು ಇಂದಿರಾನಗರದ ರಾಜಶೇಖರ: ಹದಿನಾರು ಜೇಬಿನ ಪ್ಯಾಂಟು, ಕೊರಳಲ್ಲಿ ಸೀಟಿ, ಮಾತೆತ್ತಿದರೆ ಶಿಸ್ತು. ವಿರೂಪಾಕ್ಷ ಆರು ತಿಂಗಳಿಂದ ಆ ಬಳಗದ ಕಟ್ಟಕಡೆಯ ಜೀಪು. ಮುಂದಿನವರ ಧೂಳು ನೋಡಿಕೊಂಡು ಹೋಗುತ್ತಿದ್ದ, ಧೂಳು ನೋಡಿಕೊಂಡು ಬರುತ್ತಿದ್ದ. ಯಾರಿಗೂ ಅವನ ಗುಟ್ಟು ತಿಳಿದಿರಲಿಲ್ಲ.

ಎರಡು ಸಾವಿರದ ಐದನೇ ಇಸವಿಯ ಡಿಸೆಂಬರಿನಲ್ಲಿ ಬಳಗಕ್ಕೆ ದಾರಿ ತೋರಿಸುವ ಯಂತ್ರವೊಂದನ್ನು ಕೊಳ್ಳಬೇಕೆಂಬ ಚರ್ಚೆ ಎದ್ದು, ಮೂರು ಭಾನುವಾರ ಅದರಲ್ಲೇ ಕಳೆಯಿತು. ಒಬ್ಬರು ಕಂಪಾಸು ಸಾಕೆಂದರು. ಇನ್ನೊಬ್ಬರು ಲ್ಯಾಪ್‌ಟಾಪನ್ನು ಬಾನೆಟ್ಟಿಗೆ ಕಟ್ಟಿ ಮೇಲೊಂದು ಆಂಟೆನಾ ಸಿಕ್ಕಿಸಬೇಕೆಂದರು. ಮಗದೊಬ್ಬರು ಸರ್ವೆ ನಕ್ಷೆಯ ಹಾಳೆ ಬಿಚ್ಚಿದರು. ಅದು ಕೆರೆಯ ಗಾಳಿಗೆ ಹಾರಿ ಎಳನೀರಿನವನ ಗಾಡಿಯ ಮೇಲೆ ಕೂತಿತು. ಆ ಗದ್ದಲದಲ್ಲಿ ವಿರೂಪಾಕ್ಷನ ಬಾಯಿಂದ ಯಾಕೋ ಮಾತು ಹೊರಬಿತ್ತು.

"ಇವೆಲ್ಲ ಹಳೇ ಕಾಲದ್ದು ಸಾರ್. ನಾನಂತೂ ಜಿಪಿಎಸ್ ಇಲ್ದೆ ಮನೆಯಿಂದ ಹೊರಗೆ ಕಾಲೇ ಇಡಲ್ಲ."

ಜಿಪಿಎಸ್ ಎಂಬುದನ್ನು ಅವನು ಕಂಡದ್ದು ಹಲ್ಲಿನ ಡಾಕ್ಟರ ಬಳಿ ಬಿದ್ದಿದ್ದ ಹಳೆಯ ಪತ್ರಿಕೆಯೊಂದರಲ್ಲಿ, ಅದೂ ಹಲ್ಲು ಕೀಳಿಸಿಕೊಳ್ಳುವ ಮೊದಲಿನ ಐದು ನಿಮಿಷ. ಆದರೆ ಎಂಟು ಜೀಪಿನ ಒಡೆಯರು ಒಟ್ಟಿಗೆ ಅವನತ್ತ ತಿರುಗಿದಾಗ ಅವನಿಗೆ ಬಹಳ ಸಂತೋಷವಾಯಿತು. ಆ ಸಂತೋಷ ಸುಮಾರು ಅರ್ಧ ನಿಮಿಷ ಉಳಿಯಿತು.

ರಾಜಶೇಖರ ಸೀಟಿ ಊದಿದರು. "ವೆರಿ ಗುಡ್! ಇಷ್ಟು ದಿನ ಸುಮ್ನೆ ಇದ್ರಲ್ರೀ! ಮುಂದಿನ ಡ್ರೈವ್‌ಗೆ ನೀವೇ ಪೈಲಟ್ಟು. ಕೆ.ಆರ್.ಪುರಂ ಆಚೆ ಒಂದು ಹೊಸ ರೂಟ್ ರೆಕಾರ್ಡ್ ಮಾಡ್ಕೊಂಡು ಬನ್ನಿ. ನಿಮ್ಮ ಹಿಂದೆ ನಾವೆಲ್ಲ. ಸರಿ ಹೋದ್ರೆ ಕ್ಲಬ್ಬಿಗೂ ಅದನ್ನೇ ತಗೊಳ್ಳೋಣ."

ಮರುದಿನವೇ ವಿರೂಪಾಕ್ಷ ಶಿವಾಜಿನಗರಕ್ಕೆ ಓಡಿದ. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಅಕ್ತರ್ ಎಂಬುವನ ಅಂಗಡಿ. ಹಾರ್ನು, ಕಾರ್ಬುರೇಟರು, ಪರದೇಶದ ಟಾರ್ಚು ಎಲ್ಲ ಅಲ್ಲಿ ಸಿಗುತ್ತಿತ್ತು. ನೀರಿನ ಗುಂಡಿನಲ್ಲಿ ತೇಲುವ ಕಂಪಾಸು, ಗುಡ್ಡದ ಎತ್ತರ ತೋರಿಸುವ ಗಡಿಯಾರ ಎಲ್ಲವನ್ನೂ ಮುಂದಿಟ್ಟ ಅಕ್ತರ್, ಕೊನೆಗೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಅಂಗೈಯಗಲದ ಹಳದಿ ಡಬ್ಬವೊಂದನ್ನು ತೆಗೆದ.

"ಅವೆಲ್ಲ ಬಚ್ಚಾ ಲೋಗ್ ಆಟದ್ದು ಸಾಬ್. ಇದು ಏಕ್‌ದಮ್ ಅಸಲಿ. ಆಸ್ಮಾನ್ ನೋಡ್ಕೊಂಡು ಕೆಲ್ಸ ಮಾಡ್ತದೆ."

"ಒಳಗೆ ನಕ್ಷೆ ಇರತ್ತಾ?"

"ನಮ್ಮ ಕಡೆ ನಕ್ಷೆ ಇದ್ರಲ್ಲಿ ಇಲ್ಲ ಸಾಬ್. ನೀವು ಹೋಗಿದ್ದ ದಾರಿಗೆ ಗೆರೆ ಎಳೀತದೆ. ಆಮೇಲೆ ಆ ಗೆರೆ ಮೇಲೇ ಹೋಗ್ಬೇಕು, ಬಸ್."

"ಅಂದ್ರೆ ಮೊದಲ ಸಲ ದಾರಿ ನನಗೇ ಗೊತ್ತಿರ್ಬೇಕು?"

"ಹೌದು ಸಾಬ್," ಎಂದ ಅಕ್ತರ್ ಪ್ರಾಮಾಣಿಕವಾಗಿ. "ದಾರಿ ಗೊತ್ತಿರೋರಿಗೆ ಬಹುತ್ ಅಚ್ಛಾ ಮಾಲ್."

ಜಯದೇವಿ ಆ ಹಳದಿ ಡಬ್ಬಕ್ಕೆ ಕುಂಕುಮವಿಟ್ಟು, ಊದಿನಕಡ್ಡಿ ಬೆಳಗಿ, ತೆರೆಯ ಮೇಲೆ ಬಿದ್ದ ಕುಂಕುಮವನ್ನು ಸೆರಗಿನಿಂದ ಒರೆಸಿಕೊಟ್ಟಳು. ವಿರೂಪಾಕ್ಷ ಅದನ್ನು ಆಕಾಶಕ್ಕೆ ಹಿಡಿದು ಬೀದಿಯುದ್ದಕ್ಕೂ ನಡೆದು ಪರೀಕ್ಷಿಸಿದ. ಪಕ್ಕದ ಮನೆಯ ರಾಮಯ್ಯ, ರೈಲ್ವೆಯಿಂದ ನಿವೃತ್ತರಾದ ಮೇಲೆ ಗೇಟಿಗೆ ಒರಗಿಯೇ ಕಾಲ ಕಳೆಯುವವರು, ಹೆಜ್ಜೆ ಹೆಜ್ಜೆಗೂ ನಿಂತು ತೆರೆ ನೋಡುವ ವಿರೂಪಾಕ್ಷನನ್ನು ಕಂಡು ಗಾಬರಿಯಾದರು.

"ಏನ್ರೀ, ಅಳತೆ ಮಾಡ್ತಿದೀರಾ?"

"ಹ್ಞೂಂ, ರಸ್ತೆ ರೆಕಾರ್ಡ್ ಮಾಡ್ತಿದೀನಿ."

"ನಮ್ಮ ಕಾಂಪೌಂಡು ಎಷ್ಟು ಅಡಿ ಹೋಗತ್ತೆ?"

ವಿರೂಪಾಕ್ಷ ತೆರೆಯಿಂದ ತಲೆಯೆತ್ತದೆ, "ಎಂಟು ಮೀಟರು ಹೆಚ್ಚುಕಮ್ಮಿ ಆಗ್ಬಹುದು ಅಂತ ತೋರಿಸ್ತಿದೆ," ಎಂದುಬಿಟ್ಟ. ಅದು ಯಂತ್ರದ ಲೆಕ್ಕದ ತಪ್ಪು ಎಂಬುದು ರಾಮಯ್ಯನವರಿಗೆ ಹೇಗೆ ಗೊತ್ತಾಗಬೇಕು? ಸಂಜೆಯ ಹೊತ್ತಿಗೆ ಬೀದಿಯ ನಾಲ್ಕು ಮನೆಯವರು ರಸ್ತೆಗೆ ಚಾಚಿದ್ದ ಹೂಕುಂಡ, ಒಗೆಯುವ ಕಲ್ಲು, ಸ್ಕೂಟರು ಹತ್ತಿಸುವ ಹಲಗೆ ಎಲ್ಲವನ್ನೂ ಒಳಗೆಳೆದುಕೊಂಡರು. ಹತ್ತು ವರ್ಷದಲ್ಲಿ ಯಾವ ನೋಟಿಸಿಗೂ ಅಗಲವಾಗದ ಬೀದಿ ಒಂದೇ ಸಂಜೆಯಲ್ಲಿ ಅಗಲವಾಯಿತು. ಡಬ್ಬದಿಂದ ತಲೆಯೆತ್ತದ ವಿರೂಪಾಕ್ಷ ಮಾತ್ರ ಅದನ್ನು ಗಮನಿಸಲೇ ಇಲ್ಲ.

ಭಾನುವಾರ ಗಂಡಹೆಂಡತಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ದಾರಿ ಹುಡುಕಲು ಹೊರಟರು. ಕೆ.ಆರ್.ಪುರಂ ತೂಗುಸೇತುವೆಯ ಬಳಿ ಯಾವ ಕಡೆ ಇಳಿಯಬೇಕೆಂದು ತೋಚದೆ ವಿರೂಪಾಕ್ಷ ಮೂರು ಸುತ್ತು ಹಾಕಿದ. ಊರು ದಾಟಿದ ಮೇಲೆ, ಬಾಗಿಲಿಲ್ಲದ ಜೀಪಿನಿಂದ ಜಯದೇವಿಯ ಒಂದು ಚಪ್ಪಲಿ ಜಾರಿ ಬಿತ್ತು; ಇನ್ನೂರು ಗಜ ಹೋದ ಮೇಲೆ ಗೊತ್ತಾಗಿ, ತಿರುಗಿಸಲು ಜಾಗವಿಲ್ಲದೆ ಅಷ್ಟು ದೂರವೂ ಹಿಂದಕ್ಕೇ ಓಡಿಸಿ ಎತ್ತಿಕೊಂಡರು. ಅಲ್ಲಿಂದ ಮುಂದೆ ಒಂದು ಹುಣಸೆಮರ, ರೊಟ್ಟಿ ಬಿಚ್ಚಿದ ಒಂದು ನೀರಿನ ಕುಂಟೆ, ಎಂಜಿನ್ನು ನಿಂತುಹೋದ ಇನ್ನೊಂದು ಹುಣಸೆಮರ. ಎರಡು ಗಂಟೆ ಸುತ್ತಿದ ಮೇಲೆ ರಸ್ತೆಯ ತುಂಬ ಹುರುಳಿಯ ಗಿಡ ಹರಡಿದ್ದ ಊರೊಂದು ಎದುರಾಯಿತು. ವಿರೂಪಾಕ್ಷ ಗಕ್ಕನೆ ಬ್ರೇಕು ಒತ್ತಿದ.

ರಸ್ತೆಯಂಚಿನಲ್ಲಿ ಕೋಲು ಹಿಡಿದು ಕೂತಿದ್ದ ಮುದುಕಿ ಮುನಿಲಕ್ಷ್ಮಮ್ಮನಿಗೆ ಸಿಟ್ಟು ಬಂತು. "ಯಾಕಪ್ಪಾ ನಿಲ್ಲಿಸ್ದೆ? ಹತ್ಸು ಮ್ಯಾಲಕ್ಕೆ! ಗಾಡಿ ತುಳೀಲಿ ಅಂತ್ಲೇ ಆಕಿರಾದು!"

"ಅಮ್ಮಾ, ನಮಗೆ ದಾರಿ..."

"ಎಲ್ಲಿಗೋಗ್ಬೇಕು?"

ವಿರೂಪಾಕ್ಷ ಯೋಚಿಸಿ ನಿಜವನ್ನೇ ಹೇಳಿದ. "ದಾರಿ ಇಲ್ಲದ ಕಡೆಗೆ."

"ಅಂಗಾದ್ರೆ ಸರ್ಯಾಗೇ ಬಂದಿದೀಯ. ಇದೇಯ ಊರು."

ಆಮೇಲೆ ಮುದುಕಿ ತನ್ನ ಸಂಕಟ ಹೇಳಿಕೊಂಡಳು. ಕೊಯ್ದ ಹುರುಳಿ, ರಾಗಿ ರಸ್ತೆಗೆ ಹಾಕಿ ಮೂರು ದಿನವಾಗಿತ್ತು. ತುಳಿಯಲು ಒಂದು ಲಾರಿ, ಎರಡು ಮೊಪೆಡ್ಡು ಬಿಟ್ಟರೆ ಏನೂ ಬಂದಿರಲಿಲ್ಲ. ಟ್ರಾಕ್ಟರಿನವನು ನಾಳೆ ಬರುತ್ತೇನೆಂದು ನಾಲ್ಕು ಸಲ ಹೇಳಿ ಹೋಗಿದ್ದ. ಮೇಲೆ ಮೋಡ ಕಟ್ಟಿತ್ತು. ನೆನೆದರೆ ಹುರುಳಿ ಮೂಟೆ ಸೇರುವ ಮೊದಲೇ ಮೊಳಕೆಯೊಡೆಯುತ್ತಿತ್ತು. ಊರ ಹಿಂದಿನ ಹಾಸುಬಂಡೆಯ ಮೇಲೂ ರಾಶಿ ಕಾದಿತ್ತು. "ನಿನ್ ಜೀಪು ಒಳ್ಳೆ ಎತ್ತಿದ್ದಂಗೈತೆ. ಒಂದ್ ನಾಕ್ ಸುತ್ತು ಒಡೀ ಮಗಾ, ದಾರಿ ನಾನ್ ತೋರಿಸ್ತೀನಿ," ಎಂದಳು.

ನಾಲ್ಕು ಸುತ್ತು ಹತ್ತೊಂಬತ್ತಾಯಿತು. ಹತ್ತು ಬಲಕ್ಕೆ, ಒಂಬತ್ತು ಎಡಕ್ಕೆ. ಜಯದೇವಿ ಸೀರೆ ಎತ್ತಿ ಕಟ್ಟಿ ಮುದುಕಿಯ ಜೊತೆ ಕವೆಗೋಲಿನಿಂದ ಹುಲ್ಲು ತಿರುವಿದಳು. ಅಷ್ಟಾದರೂ ಮುಗಿದದ್ದು ರಾಶಿಯ ಕಾಲುಭಾಗ. ಹೊರಡುವಾಗ ಮುನಿಲಕ್ಷ್ಮಮ್ಮ, "ಬರೋ ಬಾನ್ವಾರ ಬತ್ತೀಯೇನಪ್ಪ? ಪ್ಯಾಟೆಯೋರು ನೀವು, ಎಲ್ಲಿ ಬತ್ತೀರ," ಎಂದಳು.

ಇಲ್ಲ ಎನ್ನಲು ವಿರೂಪಾಕ್ಷನಿಗೆ ಮನಸ್ಸು ಬರಲಿಲ್ಲ. "ಬರ್ತೀನಮ್ಮ, ಖಂಡಿತ," ಎಂದ. ಬಂದ ದಾರಿ ತನಗೇ ಗೊತ್ತಿಲ್ಲವೆಂಬುದು ಆ ಕ್ಷಣದಲ್ಲಿ ಅವನ ತಲೆಗೆ ಬರಲಿಲ್ಲ.

ಸುತ್ತು ಮುಗಿಯುವಷ್ಟರಲ್ಲಿ ಡಬ್ಬದ ಸೆಲ್ಲೂ ಮುಗಿದಿತ್ತು; ಮುದುಕಿ ತೋರಿಸಿದ ಕಡೆ ಹೊರಟು, ಆಮೇಲೆ ಸಿಕ್ಕವರನ್ನೆಲ್ಲ ಕೇಳುತ್ತ ಮನೆ ಸೇರಿ, ಹೊಸ ಸೆಲ್ಲು ಹಾಕಿ ತೆರೆ ನೋಡಿದ. ಇಡೀ ದಿನದ ಗೋಳು ಅಲ್ಲಿ ಗೆರೆಯಾಗಿ ಕೂತಿತ್ತು. ಸೇತುವೆಯ ಮೂರು ಸುತ್ತು, ಚಪ್ಪಲಿಗೆ ಹೋದ ಹಿಮ್ಮುಖ ಗೆರೆ, ಕೊನೆಯಲ್ಲಿ ಒಂದು ದೊಡ್ಡ ಸಿಕ್ಕು.

"ಇದೇನ್ರೀ, ಯಾರರ ಶಾವಿಗಿ ಚೆಲ್ಯಾರೇನು?" ಎಂದಳು ಜಯದೇವಿ.

ಅಕ್ತರನಿಗೆ ಫೋನು ಮಾಡಿದರೆ, "ಅದ್ರಲ್ಲಿ ಅರ್ಧ ಮಾತ್ರ ಅಳಿಸೋಕೆ ಆಗಲ್ಲ ಸಾಬ್. ಅಳಿಸಿದ್ರೆ ಎಲ್ಲಾ ಸಾಫ್," ಎಂದ.

"ಸುಮ್ನ ಖರೇ ಹೇಳಿಬಿಡ್ರಿ. ನನಗ ದಾರಿ ಗೊತ್ತಾಗೂದಿಲ್ಲ ಅಂತ," ಎಂದಳು ಜಯದೇವಿ.

"ಹೇಳಿದ್ರ ಆಮ್ಯಾಲೆ ಅವ್ರೂ ಕರ್ಕೊಂಡು ಹೋಗಾಕ ಒಬ್ಬರನ್ನ ಕಳಸ್ತಾರ," ಎಂದ ವಿರೂಪಾಕ್ಷ. ಅವನ ದನಿ ಸಣ್ಣದಾಗಿತ್ತು. ಜಯದೇವಿ ಡಬ್ಬವನ್ನು ಅವನ ಕೈಗಿಟ್ಟು ಒಳಗೆ ಹೋದಳು. ಡಬ್ಬ ತನ್ನ ಕೈಯಲ್ಲೇ ಇರುತ್ತದೆ, ಸುತ್ತುಗಳನ್ನೆಲ್ಲ ಬಿಟ್ಟು ನೇರ ಗೆರೆಯಲ್ಲಿ ಹೋಗಿಬಿಡುತ್ತೇನೆ ಎಂದು ಅವನು ಧೈರ್ಯ ತಂದುಕೊಂಡ.

ಆ ಧೈರ್ಯ ಮುಂದಿನ ಭಾನುವಾರ ಹಲಸೂರು ಕೆರೆಯ ಬಳಿಯೇ ಮುಗಿಯಿತು. ರಾಜಶೇಖರ ಅವನ ಪಕ್ಕದ ಸೀಟಿಗೆ ಹತ್ತಿ, ಡಬ್ಬ ಕಿತ್ತುಕೊಂಡು, "ಓಡಿಸೋರು ಓದ್ಬಾರ್ದು, ಓದೋರು ಓಡಿಸ್ಬಾರ್ದು. ಸೇಫ್ಟಿ! ಗೆರೆ ಬಿಟ್ಟು ಒಂದಡಿ ಆ ಕಡೆ ಈ ಕಡೆ ಹೋಗಂಗಿಲ್ಲ," ಎಂದು ಸೀಟಿ ಊದಿದರು. ಅವರ ಜೀಪನ್ನು ಡ್ರೈವರನು ಹಿಂದೆ ತಂದ. ಹಿಂದಿನ ಸೀಟಿನಲ್ಲಿದ್ದ ಜಯದೇವಿ ಎರಡೂ ಚಪ್ಪಲಿಯನ್ನು ಗಟ್ಟಿಯಾಗಿ ಮೆಟ್ಟಿಕೊಂಡಳು.

ಕೆ.ಆರ್.ಪುರಂ ಸೇತುವೆಯ ಬಳಿ ಕಾನ್‌ಸ್ಟೆಬಲ್ ಪೀರಪ್ಪ ನಿಂತಿದ್ದ. ಒಂಬತ್ತು ಜೀಪು ಸಾಲಾಗಿ, ಸೀಟಿ ಊದಿಕೊಂಡು ಬರುವುದನ್ನು ಕಂಡು ಯಾರೋ ದೊಡ್ಡವರಿರಬೇಕೆಂದು ಸಲ್ಯೂಟು ಹೊಡೆದ. ಸಾಲು ಸುತ್ತಿಕೊಂಡು ಮತ್ತೆ ಬಂತು. ಈ ಸಲ ಅರ್ಧ ಸಲ್ಯೂಟು ಹೊಡೆದ. ಮೂರನೇ ಸಲ ಕೈ ಅಡ್ಡ ಹಾಕಿದ.

"ಯಾವ ಪಾರ್ಟೀರಿ? ಮೆರವಣಿಗೆಗೆ ಪರ್ಮಿಷನ್ ಐತೇನು?"

"ಪಾರ್ಟಿ ಅಲ್ಲ, ಟ್ರ್ಯಾಕು!" ಎಂದು ರಾಜಶೇಖರ ಡಬ್ಬ ತೋರಿಸಿದರು. "ಇಲ್ಲಿ ಮೂರು ಸುತ್ತು ತೋರಿಸ್ತಿದೆ. ಸ್ಯಾಟಲೈಟಿಂದ ಬರತ್ತೆ."

ಮೇಲಿನಿಂದ ಬಂದ ಆದೇಶ ಎಂದ ಮೇಲೆ ಪೀರಪ್ಪ ತಡೆಯುವುದುಂಟೇ? ಮುಂದಿನ ಲಾರಿಯನ್ನು ನಿಲ್ಲಿಸಿ ದಾರಿ ಬಿಡಿಸಿಕೊಟ್ಟ.

ಚಪ್ಪಲಿ ಬಿದ್ದ ಜಾಗದಲ್ಲಿ ಒಂಬತ್ತು ಜೀಪುಗಳೂ ಇನ್ನೂರು ಗಜ ಹಿಂದಕ್ಕೆ ಹೋಗಿ ಮತ್ತೆ ಮುಂದೆ ಬಂದವು. "ರಿವರ್ಸ್ ಡ್ರಿಲ್ಲು! ಯಾರೂ ಇದುವರೆಗೆ ಇಟ್ಟಿರಲಿಲ್ಲ," ಎಂದು ರಾಜಶೇಖರ ವಿರೂಪಾಕ್ಷನ ಬೆನ್ನು ತಟ್ಟಿದರು. ಹೊಗಳಿಕೆ ಹೆಚ್ಚಾದಷ್ಟೂ ವಿರೂಪಾಕ್ಷನ ಬೆನ್ನು ಬೆವರಿತು. ಶಾವಿಗೆಯ ಸಿಕ್ಕು ತೆರೆಯಲ್ಲಿ ಹತ್ತಿರ ಹತ್ತಿರ ಬರುತ್ತಿತ್ತು.

ಊರ ಬಾಗಿಲಲ್ಲಿ ಮುನಿಲಕ್ಷ್ಮಮ್ಮ ಎದ್ದು ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದಳು. ಒಂದು ಜೀಪು, ಎರಡು, ಮೂರು... ಒಂಬತ್ತು! ಮುದುಕಿ ಕೋಲು ಎಸೆದು ಊರೊಳಗೆ ಓಡಿದಳು. "ಏಯ್, ಬನ್ರೋ! ಮಾತ್ ಕೊಟ್ಟಿದ್ದ ಮಗ ದಂಡು ಕಟ್ಕೊಂಡು ಬಂದವ್ನೆ! ಇರಾದೆಲ್ಲ ಬಂಡೆಗೆ ಆಕ್ರೋ!"

ಬೇಡ ಬೇಡವೆನ್ನುವಷ್ಟರಲ್ಲಿ ಹಾಸುಬಂಡೆಯ ಮೇಲೆ ಮೊಳಕಾಲೆತ್ತರ ಹುರುಳಿ, ರಾಗಿ ಬಿತ್ತು. ರಾಜಶೇಖರ ಕನ್ನಡಕ ಸರಿಮಾಡಿಕೊಂಡು ತೆರೆ ನೋಡಿದರು. "ಇಲ್ಲಿ ಹತ್ತೊಂಬತ್ತು ಸುತ್ತಿದೆಯಲ್ರೀ. ಇದೇನು?"

ವಿರೂಪಾಕ್ಷ ಸ್ಟಿಯರಿಂಗನ್ನೇ ನೋಡುತ್ತ ಹೇಳಿದ. "ಲೂಸ್... ಲೂಸ್ ಸರ್ಫೇಸು ಸಾರ್."

ಸೀಟಿ ಮೊಳಗಿತು. ಒಂಬತ್ತು ಜೀಪುಗಳು ಬಂಡೆಯ ಮೇಲೆ ಸುತ್ತತೊಡಗಿದವು. ಕಾಳಿನ ಮೇಲೆ ಚಕ್ರ ಜಾರಿ, ಬಾಲ ಒಲೆದು, ಒಬ್ಬರ ಜೀಪು ತನ್ನಷ್ಟಕ್ಕೆ ತಿರುಗಿ ಬಂದ ಕಡೆಗೇ ಮುಖ ಮಾಡಿ ನಿಂತಿತು. ಕೆಸರಿನಲ್ಲೂ ಇಂಥ ಮಜಾ ಇಲ್ಲವೆಂದು ಅವರು ಕೂಗಿಕೊಂಡರು. ಊರ ಹಿರಿಯ ದೊಡ್ಡಮುನಿಯಪ್ಪ ನಡುವೆ ನಿಂತು ಟವೆಲು ಬೀಸಿ, "ಈಗ ಎಡಕ್ ತಿರ್ಗಿ!" ಎಂದಾಗ ರಾಜಶೇಖರರೂ ಡಬ್ಬ ನೋಡಿ, "ಕರೆಕ್ಟ್, ಹತ್ತಾಯ್ತು, ಎಡಕ್ಕೆ!" ಎಂದರು. ಸ್ಯಾಟಲೈಟಿಗೂ ದೊಡ್ಡಮುನಿಯಪ್ಪನಿಗೂ ಕಿಂಚಿತ್ತೂ ಭಿನ್ನಾಭಿಪ್ರಾಯ ಬರಲಿಲ್ಲ.

ಹತ್ತೊಂಬತ್ತನೇ ಸುತ್ತು ಮುಗಿದಾಗ ಹೆಂಗಸರು ಪೊರಕೆ, ಮೊರ ಹಿಡಿದು ಇಳಿದರು. ಕಾಳಿನ ರಾಶಿ ಏಳುವುದನ್ನು ನೋಡುತ್ತ ನೋಡುತ್ತ ರಾಜಶೇಖರರ ಮುಖ ನಿಧಾನವಾಗಿ ಬದಲಾಯಿತು. ಡಬ್ಬವನ್ನು ಬಂಡೆಯ ಮೇಲಿಟ್ಟು, ಎರಡೂ ಕೈ ಸೊಂಟದ ಮೇಲಿಟ್ಟರು.

"ವಿರೂಪಾಕ್ಷ, ನಮ್ಮ ಕೈಲಿ ಕಣ ತುಳಿಸೋಕೆ ಕರ್ಕೊಂಡು ಬಂದ್ರಾ?"

ಎಂಜಿನ್ನುಗಳೆಲ್ಲ ನಿಂತಿದ್ದವು. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವನಿಗೆ ಸಾಕಾಗಿತ್ತು.

"ನನಗೆ ದಾರಿ ಗೊತ್ತಿಲ್ಲ ಸಾರ್," ಎಂದ. "ಇಪ್ಪತ್ತೆರಡು ವರ್ಷದಿಂದ ಗೊತ್ತಿಲ್ಲ. ಈ ಡಬ್ಬ ತಗೊಂಡಿದ್ದೂ ನಿಮ್ಮ ಹತ್ರ ಆ ಮಾತು ಆಡಿದ್ಮೇಲೆ. ಸೇತುವೆ ಹತ್ರ ಇಳಿಯೋದು ತಿಳೀದೆ ಸುತ್ತಿದ್ದೆ. ಹಿಂದಕ್ಕೆ ಹೋಗಿದ್ದು ಇವಳ ಚಪ್ಪಲಿಗೆ. ಇಲ್ಲಿಗೆ ಬಂದಿದ್ದು ದಾರಿ ತಪ್ಪಿ."

ಯಾರೋ ಒಬ್ಬರು ಕಿಸಕ್ಕೆಂದರು. ವಿರೂಪಾಕ್ಷನಿಗೆ ಅಳುವೇ ಬಂದಂತಾಯಿತು. ಆಗ ಮುನಿಲಕ್ಷ್ಮಮ್ಮ ಮೊರ ಹಿಡಿದುಕೊಂಡೇ ನಡುವೆ ನುಗ್ಗಿದಳು.

"ಯಾರ್ರೀ ನಗಾದು? ದಾರಿ ಗೊತ್ತಿರೋ ಟ್ರಾಕ್ಟರ್‌ನೋನು ನಾಕ್ ಸಲ ಮಾತ್ ಕೊಟ್ಟು ಬರ್ಲಿಲ್ಲ. ದಾರಿ ಗೊತ್ತಿಲ್ದೋನು ಒಂದೇ ಸಲ ಕೊಟ್ಟ, ಬಂದವ್ನೆ. ನಿಮ್ಮಲ್ಲಿ ಯಾರ್ ದೊಡ್ಡೋರು ಏಳಿ ನೋಡಣ!"

ಉತ್ತರ ಕೊಡುವ ಕಷ್ಟವನ್ನು ಮಳೆ ತಪ್ಪಿಸಿತು. ಮೊದಲ ಹನಿ ರಾಜಶೇಖರರ ಮೂಗಿನ ಮೇಲೇ ಬಿತ್ತು. ಅವರು ಮೇಲೆ ನೋಡಿದರು, ಕಾಳಿನ ರಾಶಿ ನೋಡಿದರು, ಸೀಟಿ ಕಚ್ಚಿ ಊದಿದರು. "ಟಾರ್ಪಾಲು! ಎಲ್ಲಾ ಜೀಪಿನ ಟಾರ್ಪಾಲು ಇಳಿಸ್ರೀ! ಮೂಟೆ ಕಟ್ರೀ!" ಹದಿನಾರು ಜೇಬಿನ ಪ್ಯಾಂಟಿನಲ್ಲಿ ಮೊಣಕಾಲೂರಿ ಅವರೇ ಕಾಳು ಬಾಚಿದರು. ಜೋರು ಮಳೆ ಹಿಡಿಯುವ ಮೊದಲು ಮೂವತ್ತೆರಡು ಮೂಟೆ ದೊಡ್ಡಮುನಿಯಪ್ಪನ ಪಡಸಾಲೆ ಸೇರಿತು. ಒಂದು ಹಿಡಿ ಕಾಳೂ ನೆನೆಯಲಿಲ್ಲ.

ಬಿಸಿ ಮುದ್ದೆ, ಹುರುಳಿಕಾಳಿನ ಸಾರು ಮುಗಿದು, ಮಳೆ ನಿಂತು, ಹೊರಡುವ ಹೊತ್ತಿಗೆ ಡಬ್ಬ ಎಲ್ಲಿ ಎಂಬ ಪ್ರಶ್ನೆ ಎದ್ದಿತು. ಬಂಡೆಯ ಮೇಲಿತ್ತು. ಬಂಡೆಯ ಮೇಲಿದ್ದದ್ದೆಲ್ಲ ಈಗ ಮೂಟೆಯಲ್ಲಿತ್ತು. ಮೂವತ್ತೆರಡರಲ್ಲಿ ಯಾವುದು ಎಂದು ಹೇಳಲು ಯಾವ ಸ್ಯಾಟಲೈಟಿನಿಂದಲೂ ಸಾಧ್ಯವಿರಲಿಲ್ಲ.

"ಅದ್ಕೇನಂತೆ, ನಾನಿಲ್ವಾ?" ಎಂದು ಮುನಿಲಕ್ಷ್ಮಮ್ಮ ವಿರೂಪಾಕ್ಷನ ಪಕ್ಕದ ಸೀಟಿಗೆ ಹತ್ತಿ ಕೂತಳು. ರಾಜಶೇಖರ ತಮ್ಮ ಸೀಟಿಯನ್ನು ಅವಳಿಗೆ ಕೊಟ್ಟು ಹಿಂದಿನ ಜೀಪಿಗೆ ಹೋದರು. ಅವಳು ಕೋಲು ತೋರಿಸಿದ ಕಡೆ ಒಂಬತ್ತು ಜೀಪು ತಿರುಗಿದವು, ಸೀಟಿ ಊದಿದ ಕಡೆ ನಿಂತವು. ಯಂತ್ರದ ಹತ್ತೊಂಬತ್ತು ಮೈಲಿ ದಾರಿಯನ್ನು ಆರು ಮೈಲಿಯಲ್ಲಿ ಮುಗಿಸಿ ಮುದುಕಿ ಅವರನ್ನು ಡಾಂಬರು ರಸ್ತೆಗೆ ಮುಟ್ಟಿಸಿದಳು. ಕ್ಲಬ್ಬಿಗೆ ಯಂತ್ರ ಕೊಳ್ಳುವ ವಿಚಾರವನ್ನು ರಾಜಶೇಖರ ಅಲ್ಲೇ ಕೈಬಿಟ್ಟರು.

"ಸರಿ, ನನ್ನ ಊರ್ಗೆ ಬಿಡೋರ್ ಯಾರು?" ಎಂದಳು ಮುದುಕಿ ಆಗ.

ಇದನ್ನು ಯಾರೂ ಯೋಚಿಸಿರಲಿಲ್ಲ. ಅವಳನ್ನು ಬಿಟ್ಟವರು ಮತ್ತೆ ವಾಪಸು ಬರಬೇಕಲ್ಲ, ಅದೂ ಅವಳಿಲ್ಲದೆ. ಎಂಟು ಜೀಪಿನವರಿಗೂ ಒಟ್ಟಿಗೆ ತಮ್ಮ ಟೈರಿನಲ್ಲಿ ಗಾಳಿ ಕಡಿಮೆ ಇರುವಂತೆ ಕಂಡಿತು.

"ನಾ ಬಿಡ್ತೀನಿ," ಎಂದ ವಿರೂಪಾಕ್ಷ.

"ವಾಪಸ್ ಹ್ಯಾಂಗ ಬರ್ತೀರಿ?" ಎಂದು ಜಯದೇವಿ ಮೆಲ್ಲಗೆ ಕೇಳಿದಳು.

"ನೋಡೂಣು."

ಮುದುಕಿಯನ್ನು ಅವಳ ಬಾಗಿಲಲ್ಲಿ ಇಳಿಸಿದ ಮೇಲೆ, ಅವಳು ಕೊಟ್ಟ ಒಂದು ಸೇರು ಹುರುಳಿ ಮಡಿಲಲ್ಲಿಟ್ಟುಕೊಂಡು ಜಯದೇವಿ ಮುಂದಿನ ಸೀಟಿಗೆ ಬಂದು ಕೂತಳು. ವಿರೂಪಾಕ್ಷ ಹೊರಟ. ಈ ಹುಣಸೆಮರದ ಬಳಿ ಹೋದ ವಾರ ಎಂಜಿನ್ನು ನಿಂತಿತ್ತು, ಎಡಕ್ಕೆ. ಈ ಕುಂಟೆಯ ದಡದಲ್ಲಿ ರೊಟ್ಟಿ ತಿಂದದ್ದು, ನೇರ. ಅಗೋ, ಚಪ್ಪಲಿ ಬಿದ್ದದ್ದು ಅಲ್ಲೇ. ತಾನು ತಪ್ಪಿದ ಒಂದೊಂದು ಜಾಗವೂ ಅವನಿಗೆ ನೆನಪಿತ್ತು. ದಾರಿಯಲ್ಲಿ ದನ ಹೊಡೆದುಕೊಂಡು ಹೋಗುವವರು ಸಿಕ್ಕರು, ಸೈಕಲ್ಲಿನವರು ಸಿಕ್ಕರು. ಅವನು ಯಾರ ಬಳಿಯೂ ಜೀಪು ನಿಲ್ಲಿಸಲಿಲ್ಲ. ತೂಗುಸೇತುವೆ ಕಣ್ಣಿಗೆ ಬಿದ್ದಾಗ ಜಯದೇವಿ ಅವನ ತೋಳು ಹಿಡಿದುಕೊಂಡಳು. ಒಂದೇ ಸುತ್ತಿಗೆ ಸರಿಯಾಗಿ ಇಳಿದು ಹೋದ ಜೀಪನ್ನು ಕಂಡು ಪೀರಪ್ಪ ಪೂರ್ತಿ ಸಲ್ಯೂಟು ಹೊಡೆದ.

ವಿರೂಪಾಕ್ಷನಿಗೆ ತಾನು ಗಾಳಿಯಲ್ಲಿ ಹೋಗುತ್ತಿದ್ದೇನೆ ಅನ್ನಿಸುತ್ತಿತ್ತು. ಅದೇ ಹುಮ್ಮಸ್ಸಿನಲ್ಲಿ ಬಾಣಸವಾಡಿ ಹೊಕ್ಕು, ಎರಡು ತಿರುವು ತಿರುಗಿ, ಅಗಲವಾದ ಚೊಕ್ಕ ಬೀದಿಯೊಂದರಲ್ಲಿ ಜೀಪು ನಿಲ್ಲಿಸಿದ. ಹೂಕುಂಡವಿಲ್ಲ, ಒಗೆಯುವ ಕಲ್ಲಿಲ್ಲ. ಈ ಬೀದಿಯನ್ನು ಅವನು ಎಂದೂ ಕಂಡಂತಿರಲಿಲ್ಲ. ಗೇಟಿಗೆ ಒರಗಿ ಯಾರೋ ಹಿರಿಯರು ನಿಂತಿದ್ದರು. ಸಂಜೆಯ ಮಬ್ಬು ಬೆಳಕಿನಲ್ಲಿ ಮುಖ ಸರಿಯಾಗಿ ಕಾಣಲಿಲ್ಲ. ಜಯದೇವಿ ಹುರುಳಿಯ ಗಂಟು ಅಪ್ಪಿಕೊಂಡು ನಿದ್ದೆ ಹೋಗಿದ್ದಳು.

"ಸಾರ್," ಎಂದು ವಿರೂಪಾಕ್ಷ ಜೀಪಿನಿಂದ ಬಗ್ಗಿ ಕೇಳಿದ, "ಇಲ್ಲಿ ವಿರೂಪಾಕ್ಷ ಅನ್ನೋರ ಮನೆ ಎಲ್ಲಿ ಬರತ್ತೆ?"

ರಾಮಯ್ಯ ಬೆಚ್ಚಿಬಿದ್ದು, ಕೈಯೆತ್ತಿ ಪಕ್ಕದ ಗೇಟು ತೋರಿಸಿದರು.